ಗೋವೆಗೆ ಹೋದ ಅರಸು, ಗೋವೆಯಿಂದ ಬಂದವರು

“ಸ್ವಾದಿ ಅರಸು ಘಟ್ಟ ಇಳ್ದು ಗೋವೆಗೆ ಹೋದ್ನಡ.”

ವಜ್ರಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿಯ ಬಾಯಿಂದ ನಾನು ಕೇಳಿದ ಸೋಂದಾ ಸಂಸ್ಥಾನದ ಚರಿತ್ರೆ ಇಷ್ಟೇ. ಹವ್ಯಕ ಮಾತಿನ ಆ ಕೊನೆಯ ‘ಡ’ ಅಂದರೆ ‘ಅಂತೆ’. ಹೇಳಿದವರು ಕಂಡವರಲ್ಲ, ಕೇಳುವವರು ಸಾಕ್ಷಿ ಕೇಳುವಂತಿಲ್ಲ. ಅರಸು ಯಾಕೆ ಹೋದ, ಅಲ್ಲಿ ಅವನಿಗೆ ಅನ್ನ ಹಾಕಿದವರು ಬದಲಿಗೆ ಏನು ತೆಗೆದುಕೊಂಡರು ಎಂಬುದೆಲ್ಲ ಆ ಒಂದಕ್ಷರದ ಹಿಂದೆ ಉಳಿದುಹೋಗಿತ್ತು. ಪಿಎಚ್‌ಡಿಗೆ ಸೋಂದಾ ಅರಸರ ಕೊನೆಯ ದಿನಗಳನ್ನೇ ಆರಿಸಿಕೊಂಡ ಮೇಲೆ ಆ ‘ಡ’ವನ್ನು ಕಿತ್ತು ಕೆಳಗೇನಿದೆಯೆಂದು ನೋಡುವುದೇ ನನ್ನ ಕೆಲಸವಾಯಿತು.

ಜರ್ಮನಿಯಲ್ಲಿ ಓದುತ್ತಿರುವ ಸಹಪಾಠಿಯೊಬ್ಬ ಕಾರು ಬಾಡಿಗೆಗೆ ಹಿಡಿದು ಅಲ್ಸಾಸ್ ಪ್ರಾಂತ ಸುತ್ತಿ ಬಂದ. ಫ್ರಾನ್ಸ್ ಮತ್ತು ಜರ್ಮನಿಯ ನಡುವಿನ ಈ ನೆಲ 1871ರಿಂದ 1945ರೊಳಗೆ ನಾಲ್ಕು ಸಲ ಕೈ ಬದಲಿಸಿದೆ. ಬಂಕರು, ಸಮಾಧಿಗಳ ಫೋಟೋ ಕಳಿಸಿ, “ಹೀಗೆ ಯುದ್ಧದ ಗಡಿ ನೋಡಬೇಕಾದರೆ ನಮ್ಮಲ್ಲಿ ಪಂಜಾಬಿಗೇ ಹೋಗಬೇಕು” ಎಂದು ಬರೆದಿದ್ದ. ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಮನೆಯಿಂದ ಘಟ್ಟ ಇಳಿದು ಕಾರವಾರ ದಾಟಿದರೆ 1961ರ ಡಿಸೆಂಬರಿನವರೆಗೂ ಅಲ್ಲಿ ಯುರೋಪಿನದೇ ಒಂದು ಗಡಿಯಿತ್ತು. ಅಲ್ಲಿ ಗುಂಡು ಹಾರಿದೆ, ಜನ ಸತ್ತಿದ್ದಾರೆ. ಆ ಗಡಿಯ ಒಂದು ಭಾಗವನ್ನು ಎಳೆಸಿದವನು ನಮ್ಮ ಸ್ವಾದಿಯ ಅರಸನೇ. ಗೆಳೆಯನೊಬ್ಬನ ಹಳೇ ಕಾರು, ಮೂರು ದಿನಗಳ ಬಿಡುವು, ಒಂದು ಬುತ್ತಿ ಚಪಾತಿ ಇಟ್ಟುಕೊಂಡು ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆವು.

ವಜ್ರಳ್ಳಿಯಿಂದ ಬಾರಬಳ್ಳಿಯ ಮೇಲೆ ಕೈಗಾಕ್ಕೆ ಇಳಿಯುವ ರಸ್ತೆ ಕಾಡಿನೊಳಗೇ ಸುತ್ತುತ್ತದೆ. ಕೆಳಗೆ ಕಾಳಿ ನದಿ, ಕದ್ರಾ ಅಣೆಕಟ್ಟು, ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು. ಈಗ ಇಲ್ಲಿ ನೆನಪಾಗುವ ಭಯ ಅದೊಂದೇ. ಆದರೆ ಕಾಳಿಯ ಈ ಕಣಿವೆ ಬಹಳ ಕಾಲ ಘಟ್ಟದ ಮೆಣಸು ಕಡಲಿಗೆ ಇಳಿಯುವ ದಾರಿಯಾಗಿತ್ತು. ಟಿಪ್ಪು ಸತ್ತ ಮೇಲೆ ಅವನ ಸೀಮೆಯನ್ನು ಅಳೆದು ತೂಗಿ ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಸದಾಶಿವಗಡದಿಂದ ಕದ್ರಾದ ಮೇಲೆ ಘಟ್ಟ ಹತ್ತಿ ಯಲ್ಲಾಪುರಕ್ಕೆ, ಅಲ್ಲಿಂದ ಸೋಂದಾ, ಶಿರಸಿಗೆ ಹೋದ. ಅವನು ಹತ್ತಿದ ಸೀಮೆಯನ್ನು ನಾವು ಇಳಿಯುತ್ತಿದ್ದೆವು. ಅಡಿಕೆ ತೋಟ, ಮೆಣಸಿನ ಬಳ್ಳಿ, ಸೊಪ್ಪಿನ ಬೆಟ್ಟ ಎಲ್ಲವನ್ನೂ ಆತ ಕೂಲಂಕಷವಾಗಿ ಬರೆದುಕೊಂಡಿದ್ದಾನೆ. ಅವನು ಸೋಂದಾ ಮುಟ್ಟುವ ಹೊತ್ತಿಗೆ ರಾಜಧಾನಿ ಬರಿದಾಗಿ ಹೆಚ್ಚುಕಡಿಮೆ ನಲವತ್ತು ವರ್ಷವಾಗಿತ್ತು.

ಇವತ್ತು ಸೋಂದಾ ಎಂದರೆ ಮೂರು ಮಠಗಳ ಊರು: ವಾದಿರಾಜರ ಮಠ, ಸ್ವರ್ಣವಲ್ಲಿ, ಜೈನ ಮಠ. ಪ್ರವಾಸಿಗರು ಶಾಲ್ಮಲಾ ಹೊಳೆಯ ಸಹಸ್ರಲಿಂಗ ನೋಡಿ, ಫೋಟೋ ತೆಗೆದು ಹೋಗುತ್ತಾರೆ. ಆ ಲಿಂಗಗಳನ್ನು ಕೆತ್ತಿಸಿದನೆಂದು ಹೇಳಲಾಗುವ ಅರಸಪ್ಪ ನಾಯಕ ಹದಿನಾರನೇ ಶತಮಾನದವನು. ಅವನ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊನೆಯವನಾದ ಸವಾಯಿ ಇಮ್ಮಡಿ ಸದಾಶಿವನ ಹೆಸರು ಕೇಳಿದರೆ ಮಾತ್ರ ಯಾರೂ ಮುಖ ಎತ್ತುವುದಿಲ್ಲ. ಸೋತವರನ್ನು ನಾವು ಬೇಗ ಮರೆಯುತ್ತೇವೆ, ಸೋತು ಓಡಿದವರನ್ನಂತೂ ಇನ್ನೂ ಬೇಗ.

ಅವನ ಸ್ಥಿತಿ ಏನಾಗಿತ್ತು ನೋಡಿ. 1763ರ ಆರಂಭದಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ಕೆಳದಿಯವರ ಅಷ್ಟು ದೊಡ್ಡ ಸಂಸ್ಥಾನವೇ ಕುಸಿದ ಮೇಲೆ ಪಕ್ಕದ ಸೋಂದಾ ಎಷ್ಟು ದಿನ ನಿಂತೀತು? ಅದೇ ವರ್ಷದ ಕೊನೆಗೆ ಹೈದರನ ಸೇನಾಪತಿ ಫಜಲುಲ್ಲಾ ಖಾನ್ ಸೋಂದಾದ ಮೇಲೆ ಬಂದ. ಉತ್ತರದಲ್ಲಿದ್ದ ಮರಾಠರಿಗೆ ಸೋಂದಾ ಮೊದಲೇ ಚೌತ್ ಕೊಟ್ಟು ಬಸವಳಿದಿತ್ತು. ಅವರೂ 1761ರ ಪಾಣಿಪತ್ ಸೋಲಿನ ಗಾಯ ನೆಕ್ಕುತ್ತಿದ್ದರು. ಉಳಿದದ್ದು ಪಶ್ಚಿಮದ ಗೋವೆ. ಅರಸು ಕುಟುಂಬ ಸಮೇತ ಪೋರ್ಚುಗೀಸರ ಆಶ್ರಯಕ್ಕೆ ಹೋದ.

ಈ ಆಯ್ಕೆ ಎಷ್ಟು ವಿಚಿತ್ರವೆಂದು ಅರ್ಥವಾಗಲು ಕಾಳಿ ನದಿಯ ಅಳಿವೆಗೆ ಬರಬೇಕು.

ಕಾರವಾರದಿಂದ ಸದಾಶಿವಗಡಕ್ಕೆ ಈಗ ಹೊಸ ಸೇತುವೆಯ ಮೇಲೆ ಹೋಗಬೇಕು. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ನದಿಯ ಆಚೆ ದಡದ ಗುಡ್ಡದ ಮೇಲೆ ಸೋಂದಾ ಅರಸರು ಕಟ್ಟಿಸಿದ ಕೋಟೆಯ ಅವಶೇಷವಿದೆ. ಸದಾಶಿವನೆಂಬ ಅವರ ಹಿರಿಯನೊಬ್ಬನ ಹೆಸರೇ ಗಡಕ್ಕೆ. ಕಡಲು, ನದಿ, ಘಟ್ಟದ ದಾರಿ ಮೂರನ್ನೂ ಒಂದೇ ಜಾಗದಿಂದ ಕಾಯಬಹುದು. ಇದೇ ಕೋಟೆಯನ್ನು 1752ರಲ್ಲಿ ಪೋರ್ಚುಗೀಸರು ಕಿತ್ತುಕೊಂಡಿದ್ದರು. ಅವರ ದಾಖಲೆಗಳಲ್ಲಿ ಇದರ ಹೆಸರು ‘ಪೀರೋ’. ಗುಡ್ಡದ ಪೀರನ ದರ್ಗಾದಿಂದ ಬಂದ ಹೆಸರದು. ಕೋಟೆಯನ್ನು ಅವರು ಒಂದೆರಡು ವರ್ಷಗಳಲ್ಲಿ ಹಿಂದಿರುಗಿಸಿದರೂ ಜಗಳದ ನೆನಪು ಹಸಿಯಾಗಿಯೇ ಇದ್ದಿರಬೇಕು. ಹನ್ನೊಂದು ವರ್ಷಗಳ ಹಿಂದೆ ತನ್ನ ಕೋಟೆ ಕಿತ್ತುಕೊಂಡವರ ಮನೆ ಬಾಗಿಲನ್ನೇ ಅರಸು ತಟ್ಟಿದ. ಅವನನ್ನು ಹೇಡಿ ಎನ್ನುವುದು ಸುಲಭ. ನನಗನಿಸುವುದು ಬೇರೆ. ಮೂರು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿದ ಸಣ್ಣ ಅರಸನಿಗೆ ಶತ್ರು ಮಿತ್ರ ಎಂಬ ಪಟ್ಟಿಯನ್ನು ಪ್ರತಿ ಮಳೆಗಾಲದ ನಂತರ ಹೊಸದಾಗಿ ಬರೆಯಬೇಕಾಗುತ್ತಿತ್ತು.

ಕಾರವಾರದಲ್ಲೇ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬಿಣಗಾದ ಎದುರಿಗೆ ಅಂಜದೀವ್ ದ್ವೀಪವಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಊರಿಗೆ ಮರಳುವ ಮುಂಚೆ ಹಡಗು ನಿಲ್ಲಿಸಿದ್ದು ಇಲ್ಲಿ, 1505ರಲ್ಲಿ ಅಲ್ಮೇಡಾ ಕೋಟೆ ಕಟ್ಟಲು ಹೊರಟು ಮರುವರ್ಷ ಕೈಬಿಟ್ಟದ್ದೂ ಇಲ್ಲೇ. ವರದಕ್ಷಿಣೆಯಾಗಿ ಸಿಕ್ಕಿದ ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡಲು ನಿರಾಕರಿಸಿದಾಗ ಅವರು ಬಂದು ಬೀಡುಬಿಟ್ಟದ್ದೂ ಈ ದ್ವೀಪದ ಮೇಲೆ. ನಾಯಕ ಅಬ್ರಹಾಂ ಶಿಪ್‌ಮನ್ ಸೇರಿ ಹೆಚ್ಚಿನವರು ರೋಗದಿಂದ ಇಲ್ಲೇ ಸತ್ತರು. 1665ರಲ್ಲಿ ಮುಂಬಯಿ ಪಡೆದವರು ಬದುಕುಳಿದ ನೂರು ಚಿಲ್ಲರೆ ಜನ. ಮುಂಬಯಿಯ ಚರಿತ್ರೆ ಬರೆಯುವವರು ನಮ್ಮ ಕಾರವಾರದ ಈ ಸಾವುಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. 1682ರಲ್ಲಿ ಪೋರ್ಚುಗೀಸರು ಮತ್ತೆ ಕೋಟೆ ಕಟ್ಟಿಕೊಂಡು ಕುಳಿತರು. ಕಾರವಾರದ ಕಣ್ಣೆದುರಿಗಿದ್ದರೂ ದ್ವೀಪ ಗೋವೆಯದಾಯಿತು. ಕಾಗದದ ಮೇಲೆ ಈಗಲೂ ಅದು ಕಾಣಕೋಣ ತಾಲೂಕಿಗೆ ಸೇರಿದ್ದು.

1961ರ ನವೆಂಬರ್ 24ರಂದು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಈ ದ್ವೀಪದಿಂದ ಗುಂಡು ಹಾರಿತು. ಆ ದಿನಗಳಲ್ಲೇ ಮೀನುಗಾರನೊಬ್ಬ ಗುಂಡಿಗೆ ಸತ್ತ. ಗೋವೆಯ ಮೇಲೆ ಸೈನ್ಯ ಕಳಿಸಲು ದೆಹಲಿಗೆ ಸಿಕ್ಕಿದ ಕಾರಣಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ‘ತ್ರಿಶೂಲ್’ ನೌಕೆಯಿಂದ ಇಳಿದ ನಾವಿಕರು ದ್ವೀಪದ ಮೇಲೆ ಹತ್ತಿದರು. ಏಳು ಜನ ಸತ್ತರು, ಹತ್ತೊಂಬತ್ತು ಜನ ಗಾಯಗೊಂಡರು. ಗೋವಾ ವಿಮೋಚನೆ ರಕ್ತವಿಲ್ಲದೆ ಮುಗಿಯಿತೆಂದು ಶಾಲೆಯಲ್ಲಿ ಓದಿದ ನೆನಪು ನನಗೆ. ಕಾರವಾರದ ಕಡಲತೀರದಿಂದ ಕಾಣುವ ದೂರದಲ್ಲಿ ಏಳು ಹುಡುಗರ ರಕ್ತ ಬಿದ್ದಿತ್ತು. ಈಗ ದ್ವೀಪ ಕದಂಬ ನೌಕಾನೆಲೆಯೊಳಗೆ ಸೇರಿ, ಅಲೆತಡೆ ಗೋಡೆಯಿಂದ ನೆಲಕ್ಕೆ ಕೂಡಿಕೊಂಡಿದೆ. ಊರವರಿಗೆ ಪ್ರವೇಶವಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಹಳೆಯ ಯುದ್ಧನೌಕೆಯೊಂದನ್ನು ಸಂಗ್ರಹಾಲಯ ಮಾಡಿದ್ದಾರೆ, ಟಿಕೆಟ್ ಕೊಟ್ಟು ಒಳಗೆ ಹೋಗಬಹುದು. ನಿಜವಾಗಿ ಕದನ ನಡೆದ ಜಾಗವನ್ನು ಮಾತ್ರ ದೂರದಿಂದ ಊಹಿಸಿಕೊಳ್ಳಬೇಕು.

ಸದಾಶಿವಗಡ ದಾಟಿ ಮಾಜಾಳಿ. ನಮ್ಮ ರಾಜ್ಯದ ಕೊನೆಯ ಊರು. ಆಚೆ ಪೋಳೆಂ. ನಡುವೆ ಒಂದು ಚೆಕ್‌ಪೋಸ್ಟ್. ಗೋವೆಯಿಂದ ಬರುವ ವಾಹನಗಳ ಡಿಕ್ಕಿ ತೆಗೆಸಿ ಸಾರಾಯಿ ಬಾಟಲಿ ಹುಡುಕುತ್ತಾರೆ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಭಾರತ ಈ ಗಡಿಯನ್ನು ಬಿಗಿಯಾಗಿ ಮುಚ್ಚಿತ್ತು. ಮಾಜಾಳಿಯಿಂದ ಪೋಳೆಂಗೆ ಕೊಟ್ಟ ಹೆಣ್ಣು ತವರಿಗೆ ಬರಬೇಕಾದರೆ ಎರಡು ಸರಕಾರಗಳ ಅಪ್ಪಣೆ ಬೇಕಾಗುತ್ತಿತ್ತು. ಎರಡೂ ಕಡೆ ಅದೇ ಕೊಂಕಣಿ, ಅದೇ ಮೀನು ಸಾರು, ಅದೇ ಕೆಂಪು ಮಣ್ಣು. ಹಾಗಾದರೆ ಗಡಿ ಇಲ್ಲೇ ಯಾಕೆ ಬಿತ್ತು? ಇಲ್ಲಿ ನದಿಯಿಲ್ಲ, ದಾಟಲಾಗದ ಬೆಟ್ಟವೂ ಇಲ್ಲ.

ಉತ್ತರ 1764ರಲ್ಲಿದೆ. ಆಶ್ರಯ ಬೇಡಿ ಬಂದ ಅರಸನ ಘಟ್ಟದ ಮೇಲಿನ ರಾಜ್ಯ ಹೈದರನ ಪಾಲಾಗಿತ್ತು. ಸದಾಶಿವಗಡವೂ ಹೋಗಿತ್ತು. ಆದರೆ ಘಟ್ಟದ ಕೆಳಗೆ ಸೋಂದಾಕ್ಕೆ ಸೇರಿದ್ದ ಕಾಣಕೋಣ, ಕಾಬೊ ದ ರಾಮ, ಝಾಂಬಾವಲಿಯ ಪಂಚಮಹಲು, ಮತ್ತೆ ಪೋಂಡಾ ಸೀಮೆ ಉಳಿದಿದ್ದವು. ಹೈದರನ ಕೈಗೆ ಹೋಗದಿರಲಿ ಎಂಬ ನೆಪದಲ್ಲಿ, ಅರಸನ ಪರವಾಗಿ ಕಾಯುತ್ತೇವೆಂದು ಪೋರ್ಚುಗೀಸರು ಅವನ್ನೆಲ್ಲ ತುಂಬಿಕೊಂಡರು. ಹೈದರ ಹಿಡಿದಲ್ಲಿಗೆ ಒಂದು ಗೆರೆ ನಿಂತಿತು, ಪೋರ್ಚುಗೀಸರು ಕಾದಲ್ಲಿಗೆ ಇನ್ನೊಂದು. ಎರಡೂ ಸೇರಿದ ಜಾಗವೇ ಈ ಗಡಿ. ಕಾಯಲು ತೆಗೆದುಕೊಂಡದ್ದು ಹಿಂದೆ ಬರಲಿಲ್ಲ. 1791ರ ಒಪ್ಪಂದದಲ್ಲಿ ಅದೆಲ್ಲ ಪೋರ್ಚುಗೀಸರಿಗೇ ಬಿಟ್ಟುಹೋಯಿತು, ಅರಸನ ಮನೆತನಕ್ಕೆ ಪಿಂಚಣಿ ಉಳಿಯಿತು.

ಗೋವೆ 451 ವರ್ಷ ಪೋರ್ಚುಗೀಸರ ಕೈಯಲ್ಲಿತ್ತು ಎಂದು ನಾವೆಲ್ಲ ಬಾಯಿಪಾಠ ಒಪ್ಪಿಸುತ್ತೇವೆ. 1510ರಿಂದ 1961ಕ್ಕೆ ಲೆಕ್ಕ ಸರಿ. ಆದರೆ ಅದು ತಿಸವಾಡಿ, ಬಾರ್ದೇಸ್, ಸಾಷ್ಟಿಯಂಥ ಕರಾವಳಿಯ ಹಳೆಯ ತುಂಡುಗಳಿಗೆ ಸಲ್ಲುವ ಲೆಕ್ಕ, ಅದರಲ್ಲೂ ಬಾರ್ದೇಸ್, ಸಾಷ್ಟಿ ಅವರಿಗೆ ಖಾಯಂ ಆದದ್ದು 1543ರಲ್ಲಿ. ಇವತ್ತಿನ ಗೋವೆಯ ಬಹುಪಾಲು ಭೂಮಿಯನ್ನು ಪೋರ್ಚುಗೀಸರೇ ‘ಹೊಸ ಗೆಲುವುಗಳು’ ಎಂದು ಕರೆಯುತ್ತಿದ್ದರು. ಅದರಲ್ಲಿ ಉತ್ತರದ ಭಾಗ ಸಾವಂತವಾಡಿಯವರಿಂದ ಬಂದದ್ದು, ದಕ್ಷಿಣದ್ದು ನಮ್ಮ ಸೋಂದಾದಿಂದ. ಕಾಣಕೋಣದ ಮಟ್ಟಿಗೆ ಪೋರ್ಚುಗೀಸ್ ಆಳ್ವಿಕೆ 197 ವರ್ಷ, ಅಷ್ಟೇ. ಅದಕ್ಕೆ ಮೊದಲು ಅಲ್ಲಿಯ ತೆರಿಗೆ ಘಟ್ಟ ಹತ್ತಿ ಶಾಲ್ಮಲೆಯ ದಡಕ್ಕೆ ಬರುತ್ತಿತ್ತು.

ಗೆಳೆಯನಿಗೆ ಈ ಲೆಕ್ಕದಲ್ಲಿ ಅಂಥ ಆಸಕ್ತಿ ಇರಲಿಲ್ಲ. ಕಾಬೊ ದ ರಾಮ ಕೋಟೆಯ ಬಂಡೆಯ ಮೇಲೆ ಕುಳಿತು, “ಹಾಗಾದ್ರೆ ಈ ಬೀಚು ಶಿರಸಿಯವರದ್ದು ಅನ್ನು” ಎಂದ. ತಮಾಷೆಗೆ ಹೇಳಿದ್ದು. ಆದರೆ ಇಂಥ ತಮಾಷೆಯನ್ನೇ ಗಂಭೀರವಾಗಿ ಹೇಳುವವರು ಗಡಿಯ ಎರಡೂ ಕಡೆ ಇದ್ದಾರೆ, ಹಾಗಾಗಿ ನಾನು ಪೂರ್ತಿ ನಗಲಿಲ್ಲ. ಕೋಟೆಯ ಒಳಗೆ ಸಂತ ಆಂಟೋನಿಯ ಬಿಳಿ ಚರ್ಚು, ಸುತ್ತ ತುಕ್ಕು ಹಿಡಿದ ಫಿರಂಗಿಗಳು. 1955ರವರೆಗೂ ಇದನ್ನು ಸೆರೆಮನೆಯಾಗಿ ಬಳಸಿದ್ದರು.

ನಾನು ಹೊರಟಿದ್ದು ಮುಖ್ಯವಾಗಿ ಬಾಂದಿವಡೆಗೆ. ಪೋಂಡಾದ ಪಕ್ಕದ ಈ ಊರಿನಲ್ಲೇ ಸೋಂದಾದ ಅರಸರು ನೆಲೆ ನಿಂತದ್ದು. ಊರವರು ಅವರನ್ನು ‘ಸೌಂದೇಕರ’ ಎನ್ನುತ್ತಾರೆ. ಅರಮನೆಯನ್ನು ನಾವು ಹೊರಗಿನಿಂದಷ್ಟೇ ನೋಡಿದೆವು. ಯಾರದೋ ಮನೆಯ ಅಂಗಳಕ್ಕೆ ಪ್ರಬಂಧದ ನೆಪದಲ್ಲಿ ನುಗ್ಗುವುದು ಸರಿಯೆನಿಸಲಿಲ್ಲ. ಬಂದವರಿಗೆ ಊರು ಪೂರ್ತಿ ಪರಕೀಯವೂ ಆಗಿರಲಿಲ್ಲ, ಅದು ಅವರದೇ ಸೀಮೆಯಾಗಿತ್ತು. ಇಲ್ಲಿಯ ನಾಗೇಶಿ ದೇವಸ್ಥಾನದ 1413ರ ಶಾಸನ ವಿಜಯನಗರದ ದೇವರಾಯನ ಕಾಲದ್ದು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅರಮನೆಯಲ್ಲ, ಅಕ್ಕಪಕ್ಕದ ದೇವಸ್ಥಾನಗಳು. ಬಾಂದಿವಡೆಯ ರಾಮನಾಥ ಮೂಲದಲ್ಲಿ ಸಾಷ್ಟಿಯ ಲೋಟಲಿಯವನು. ಮಹಾಲಕ್ಷ್ಮಿ ಕೋಲ್ವಾದವಳು. ಸ್ವಲ್ಪ ದೂರದ ಪ್ರಿಯೋಳದಲ್ಲಿರುವ ಮಂಗೇಶ ಕುಶಸ್ಥಳಿಯಿಂದ, ಕವಳೆಯ ಶಾಂತಾದುರ್ಗೆ ಕೇಳೋಶಿಯಿಂದ, ಮಾರ್ದೋಳದ ಮಹಾಲಸೆ ವೆರ್ಣೆಯಿಂದ ಬಂದವರು. 1560ರ ದಶಕದಲ್ಲಿ ಪೋರ್ಚುಗೀಸರು ಸಾಷ್ಟಿಯ ದೇವಸ್ಥಾನಗಳನ್ನು ಕೆಡವತೊಡಗಿದಾಗ ಭಕ್ತರು ವಿಗ್ರಹಗಳನ್ನು ಹೊತ್ತು ನದಿ ದಾಟಿ ಈ ಕಡೆ ತಂದರು. ಆಗ ಪೋಂಡಾ ಆದಿಲಶಾಹಿಯ ನೆಲ. ಮುಂದೆ ಅದು ಮರಾಠರ, ಮೊಗಲರ ಕೈ ದಾಟಿ ಸೋಂದಾಕ್ಕೆ ಬಂತು. ಅಂದರೆ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಬಂದ ದೇವರುಗಳ ಊರಿಗೆ, ಎರಡು ಶತಮಾನದ ನಂತರ, ಪೋರ್ಚುಗೀಸರ ಆಶ್ರಯ ಬೇಡಿ ಅರಸ ಬಂದ. ಅವನ ಹಿಂದೆಯೇ ಪೋರ್ಚುಗೀಸ್ ಧ್ವಜವೂ ಈ ಊರಿಗೆ ಬಂತು. ದೇವರುಗಳು ಯಾರಿಂದ ಓಡಿಬಂದಿದ್ದವೋ ಅವರೇ ಕೊನೆಗೆ ಆಳುವವರಾಗಿ ಬಾಗಿಲಿಗೆ ಬಂದು ನಿಂತರು.

ಈ ಸಲ ದೇವಸ್ಥಾನ ಮುರಿಯಲಿಲ್ಲ. ಹೊಸ ಸೀಮೆಗಳ ಜನರ ಧರ್ಮ, ಪದ್ಧತಿಗಳಿಗೆ ಕೈ ಹಾಕುವುದಿಲ್ಲವೆಂದು ಪೋರ್ಚುಗೀಸರು ಮಾತು ಕೊಟ್ಟರು, ಬಹುಮಟ್ಟಿಗೆ ನಡೆಸಿಕೊಂಡರು. ಔದಾರ್ಯ ಇದಕ್ಕೆ ಕಾರಣವೆಂದು ನನಗನಿಸುವುದಿಲ್ಲ. ಹದಿನೆಂಟನೇ ಶತಮಾನದ ಪೋರ್ಚುಗಲ್ ಸೊರಗಿತ್ತು, ಮತಾಂತರಕ್ಕಿಂತ ಕಂದಾಯ ಬೇಕಾಗಿತ್ತು. ಗೋವೆಯ ನಕ್ಷೆಯಲ್ಲಿ ಕರಾವಳಿಯ ಹಳೆಯ ತಾಲೂಕುಗಳಲ್ಲಿ ಚರ್ಚುಗಳು, ಒಳನಾಡಿನಲ್ಲಿ ದೇವಸ್ಥಾನಗಳು ದಟ್ಟವಾಗಿರುವುದಕ್ಕೆ ಈ ಇನ್ನೂರು ವರ್ಷಗಳ ಅಂತರ ಒಂದು ಮುಖ್ಯ ಕಾರಣ.

ಸೋಂದಾದ ಈ ಕೊನೆಯ ಅಧ್ಯಾಯದ ಕಾಗದಗಳು ಹೆಚ್ಚಾಗಿ ಪೋರ್ಚುಗೀಸಿನಲ್ಲಿವೆ. ನೆರೆಯ ಅರಸರೊಡನೆ ನಡೆದ ಪತ್ರವ್ಯವಹಾರದ ಸಂಪುಟಗಳನ್ನು ಪಣಜಿಯ ಪುರಾಭಿಲೇಖಾಗಾರ ಕಾಪಾಡಿಕೊಂಡು ಬಂದಿದೆ. ಗೋವೆ ಮತ್ತು ಕೆನರಾದ ಪೋರ್ಚುಗೀಸ್ ಸಂಬಂಧಗಳ ಬಗ್ಗೆ ಬಿ. ಎಸ್. ಶಾಸ್ತ್ರಿಯವರ ಒಳ್ಳೆಯ ಇಂಗ್ಲಿಷ್ ಗ್ರಂಥವೊಂದಿದೆ. ಅದು ನಿಲ್ಲುವುದು 1763ಕ್ಕೆ. ಅರಸು ಘಟ್ಟ ಇಳಿಯುವ ಹೊತ್ತಿಗೆ ಪುಸ್ತಕ ಮುಗಿಯುತ್ತದೆ! ಆ ಮುಂದಿನದನ್ನು ಓದಲು ನಾನು ಎರಡು ವರ್ಷದಿಂದ ಪೋರ್ಚುಗೀಸ್ ಕಲಿಯುತ್ತಿದ್ದೇನೆ. ನಮ್ಮೂರಿನ ಅರಸ ಬಾಡಿಗೆ, ಪಿಂಚಣಿ, ಮರ್ಯಾದೆಗಳ ಬಗ್ಗೆ ಗೋವೆಯ ವೈಸರಾಯಿಗೆ ಹೇಳಿಕೊಂಡದ್ದನ್ನು ಪರಭಾಷೆಯ ನಿಘಂಟು ಹಿಡಿದು ಓದುವುದು ಒಂಥರಾ ಮುಜುಗರ.

ಹಿಂದಿರುಗುವಾಗ ಮೊಲ್ಲೆಂ, ಅನಮೋಡ ಘಟ್ಟದ ದಾರಿ ಹಿಡಿದೆವು. 1961ರಲ್ಲಿ ಭಾರತದ ಸೈನ್ಯ ಪೂರ್ವದಿಂದ ಇಳಿದದ್ದು ಈ ಕಡೆಯಿಂದ. ಘಟ್ಟದ ಮೇಲೆ ಕ್ಯಾಸಲ್‌ರಾಕ್. ಬ್ರಿಟಿಷ್ ಇಂಡಿಯಾ ಮತ್ತು ಪೋರ್ಚುಗೀಸ್ ಇಂಡಿಯಾದ ರೈಲುಗಳು ಕೂಡುತ್ತಿದ್ದ ಗಡಿ ನಿಲ್ದಾಣವದು. ಇಡೀ ಘಟ್ಟದ ಏಣು ಅಂದು ಎರಡು ಸಾಮ್ರಾಜ್ಯಗಳ ಬೇಲಿ. ರಾಮನಗರ, ಜೋಯಿಡಾ ದಾಟಿ ಹಳಿಯಾಳದ ಕಡೆ ತಿರುಗಿದಾಗ ರಸ್ತೆ ಬದಿಯಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಸಿದ್ದಿ ಮಕ್ಕಳು ಕಂಡರು. ಆಗ ನನಗೆ ಹೊಳೆಯಿತು: ಮೂರು ದಿನ ನಾನು ಗೋವೆಗೆ ಹೋದವನ ಹಿಂದೆಯೇ ಅಲೆದಿದ್ದೆ. ಗೋವೆಯಿಂದ ಬಂದವರು ನಮ್ಮ ತೋಟದಲ್ಲೇ ಇದ್ದರು.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡುಗಳಲ್ಲಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಅವರಲ್ಲಿ ಬಹಳಷ್ಟು ಜನರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಇವತ್ತು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಬಹುಮಂದಿಯ ಮನೆಮಾತು ಕೊಂಕಣಿ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಈಗ ಆ ಗಡಿಯನ್ನು ಇನ್ನೊಂದು ಬದಿಯಿಂದ ನೋಡಿ. ಬ್ರಿಟಿಷ್ ಇಂಡಿಯಾದಲ್ಲಿ 1843ರ ಕಾಯಿದೆಯ ನಂತರ ಯಾವ ನ್ಯಾಯಾಲಯವೂ ಗುಲಾಮನ ಮೇಲೆ ಒಡೆಯನ ಹಕ್ಕನ್ನು ಒಪ್ಪುವಂತಿರಲಿಲ್ಲ. ಪೋರ್ಚುಗೀಸ್ ನೆಲದಲ್ಲಿ ಗುಲಾಮಗಿರಿ ರದ್ದಾದದ್ದು 1869ರಲ್ಲಿ, ಅದೂ ಷರತ್ತುಗಳೊಂದಿಗೆ. ನಡುವಿನ ಇಪ್ಪತ್ತಾರು ವರ್ಷ ಅನಮೋಡದ ಏಣಿನ ಆ ಕಡೆ ಆಸ್ತಿಯಾಗಿದ್ದ ಮನುಷ್ಯ ಈ ಕಡೆ ಕಾಲಿಟ್ಟರೆ ಕಾನೂನಿನ ಕಣ್ಣಿಗಾದರೂ ಮನುಷ್ಯನೇ. ಸೋಂದಾದ ಅರಸ ರಾಜ್ಯ ಕಳೆದುಕೊಂಡು ಎಳೆಸಿದ ಗೆರೆ, ಅವನ ಹೆಸರೂ ಕೇಳದ ಯಾರೋ ಒಬ್ಬನಿಗೆ ದಾಟಿದರೆ ಬಿಡುಗಡೆ ಕೊಡುವ ಗೆರೆಯಾಗಿತ್ತು. ಕಾಡಿನಲ್ಲಿ ಅವನಿಗೆ ಸಿಕ್ಕ ಬದುಕು ಸುಲಭದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ನಮ್ಮ ತೋಟಗಳಲ್ಲಿ ಅವರನ್ನು ದುಡಿಸಿಕೊಂಡ ರೀತಿ ನನಗೂ ಗೊತ್ತು. ಅವರಿಗೆ ಲೋಟ ಬೇರೆ ಇರುತ್ತಿತ್ತು.

ಊರಿಗೆ ಬಂದ ಮರುದಿನ, ಚಿಕ್ಕಂದಿನಿಂದ ಪರಿಚಯವಿರುವ ಸಿದ್ದಿ ಅಜ್ಜಿಯೊಬ್ಬರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ನಿಮ್ಮ ಹಿರಿಯರು ಎಲ್ಲಿಂದ ಬಂದದ್ದು ಎಂದು ಕೇಳಿದೆ. “ಗೋವೆ ಬದಿಯಿಂದ ಅಂತಾರೆ” ಎಂದರು. ಯಾವ ದಾರಿಯಲ್ಲಿ, ಯಾವಾಗ? “ಅದೆಲ್ಲ ಯಾರಿಗೆ ಗೊತ್ತು” ಎಂದು ನಕ್ಕು, ಈ ವರ್ಷ ಕೊಳೆರೋಗಕ್ಕೆ ನಮ್ಮ ತೋಟದಲ್ಲಿ ಎಷ್ಟು ಹೋಯಿತೆಂದು ವಿಚಾರಿಸಿದರು.

ಅರಸನ ಅಧ್ಯಾಯಕ್ಕೆ ನನ್ನ ಪ್ರಬಂಧದಲ್ಲಿ ಅಡಿಟಿಪ್ಪಣಿಗಳ ಸಾಲೇ ಇದೆ. ಒಪ್ಪಂದ, ಪಿಂಚಣಿ, ಪತ್ರ, ಎಲ್ಲಕ್ಕೂ ತಾರೀಖಿದೆ. ಅದೇ ಗಡಿಯನ್ನು ಎದುರು ದಿಕ್ಕಿನಿಂದ ದಾಟಿದವರ ಬಗ್ಗೆ ಈ ಪ್ರವಾಸದ ನಂತರ ಅರ್ಧ ಪುಟ ಸೇರಿಸಿ ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಅಂಚಿನಲ್ಲಿ ಕೆಂಪು ಶಾಯಿಯಿಂದ “ಆಧಾರ?” ಎಂದು ಬರೆದು ಮರಳಿಸಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಓಡಿಹೋದ ಗುಲಾಮರ ಬಗ್ಗೆ ಒಡೆಯರು ಎಲ್ಲಾದರೂ ದೂರು ಕೊಟ್ಟಿರಲೇಬೇಕು, ಕಳೆದುಹೋದ ಆಸ್ತಿಯ ಲೆಕ್ಕದಲ್ಲಾದರೂ ಒಂದು ಹೆಸರು ಬಿದ್ದಿರಬೇಕು. ಬರುವ ತಿಂಗಳು ಪಣಜಿಗೆ ಹೋಗುತ್ತಿದ್ದೇನೆ. ಹದಿನೆಂಟನೇ ಶತಮಾನದ ಗುಮಾಸ್ತರ ಕೈಬರಹ ಇನ್ನೂ ಪೂರ್ತಿ ಒಲಿದಿಲ್ಲ.